ಹದಿನೈದು ದಿನಕ್ಕೊಂದು ಕವನ ಸಂಕಲನ: ಗ್ರಂಥಾಲಯದಿಂದ ಕವಿತೆ ತಂದು ಓದುವ ಬಗೆ

ಕವನ ಸಂಕಲನವನ್ನು ಕೊಳ್ಳುವ ಮೊದಲು ಎರವಲು ತಂದು ಓದಬೇಕು ಎಂಬುದು ನನ್ನ ಬಹಳ ವರ್ಷಗಳ ಅಭಿಪ್ರಾಯ. ಕೊಂಡ ಪುಸ್ತಕ ನಮ್ಮದೇ ಆಗಿಬಿಡುವುದರಿಂದ ಅದನ್ನು ಓದುವ ಅವಸರ ಯಾರಿಗೂ ಇರುವುದಿಲ್ಲ. ಕಾದಂಬರಿಯಾದರೆ ಮುಂದೇನಾಯಿತು ಎಂಬ ಕುತೂಹಲವಾದರೂ ಎಳೆದುಕೊಂಡು ಹೋಗುತ್ತದೆ, ಕವಿತೆಗೆ ಆ ಹಗ್ಗವೂ ಇಲ್ಲ, ಹೀಗಾಗಿ ಅದು ಮನೆಯ ಕಪಾಟಿನಲ್ಲಿ ‘ನಿಧಾನವಾಗಿ ಓದೋಣ’ ಎಂಬ ಮರ್ಯಾದೆಯ ಜಾಗ ಹಿಡಿದು ವರ್ಷಗಟ್ಟಲೆ ಕುಳಿತಿರುತ್ತದೆ. ಗ್ರಂಥಾಲಯದ ಪುಸ್ತಕದಲ್ಲಿ ಅಂಟಿಸಿರುವ ದಿನಾಂಕದ ಚೀಟಿ ಈ ಸೋಮಾರಿತನಕ್ಕೆ ಒಳ್ಳೆಯ ಮದ್ದು. ನಮ್ಮ ಬಡಾವಣೆಯ ಶಾಖೆಯಲ್ಲಿ ಒಂದು ಪುಸ್ತಕಕ್ಕೆ 15 ದಿನದ ಅವಧಿ ಕೊಡುತ್ತಾರೆ. ಸಾಧಾರಣ ಗಾತ್ರದ ಕನ್ನಡ ಸಂಕಲನವೊಂದರಲ್ಲಿ ನಲವತ್ತೋ ಐವತ್ತೋ ಕವಿತೆಗಳಿರುತ್ತವೆ. ದಿನಕ್ಕೆ ಮೂರು ಎಂದು ಹಿಡಿದರೆ ಲೆಕ್ಕ ಅಳತೆ ಮಾಡಿದಂತೆ ಕೂತುಕೊಳ್ಳುತ್ತದೆ.

ಎರವಲಿನ ಪರವಾಗಿ ಇನ್ನೊಂದು ಕಾರಣವೂ ಇದೆ, ಅದು ಕೇವಲ ಅಭಿಪ್ರಾಯವಲ್ಲ. ಕನ್ನಡದಲ್ಲಿ ಕವನ ಸಂಕಲನಗಳು ಅಚ್ಚಾಗುವುದೇ ಕೆಲವು ನೂರು ಪ್ರತಿಗಳಲ್ಲಿ, ಆ ಪ್ರತಿಗಳಲ್ಲಿ ದೊಡ್ಡ ಪಾಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನೆಚ್ಚಿಕೊಂಡಿರುತ್ತದೆ. ಪುಸ್ತಕದಂಗಡಿಯವರು ಎರಡನೆಯ ಮುದ್ರಣ ಕಾಣದ ಸಂಕಲನವನ್ನು ಇಟ್ಟುಕೊಳ್ಳುವುದಿಲ್ಲ. ಅದೇ ಸಂಕಲನ ಯಾವುದೋ ತಾಲ್ಲೂಕು ಕೇಂದ್ರದ ಶಾಖಾ ಗ್ರಂಥಾಲಯದ ಕೆಳಗಿನ ಅರೆಯಲ್ಲಿ, ಒಮ್ಮೆಯೂ ಬಿಚ್ಚದ ಹಾಗೆ, ನಿಮ್ಮ ಕೈಗೆ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ಕಳೆದ ನಲವತ್ತು ಐವತ್ತು ವರ್ಷಗಳ ಕನ್ನಡ ಕಾವ್ಯವನ್ನು, ಪ್ರಸಿದ್ಧರನ್ನು ಬಿಟ್ಟು ಉಳಿದವರನ್ನೂ ಸೇರಿಸಿ ಓದಬೇಕೆನ್ನುವವರಿಗೆ, ಗ್ರಂಥಾಲಯವನ್ನು ಬಿಟ್ಟರೆ ಬೇರೆ ದಾರಿ ಕಡಿಮೆ.

ಸದಸ್ಯರಾಗುವುದು

ಇದು ಸುಲಭದ ಕೆಲಸವಾದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಬಂದದ್ದು 1965ರಲ್ಲಿ. ಅದರ ಅಡಿಯಲ್ಲಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನೂ ವಸೂಲಿ ಮಾಡುತ್ತವೆ. ನಿಮ್ಮ ಮನೆಯ ತೆರಿಗೆ ರಸೀದಿಯನ್ನು ತೆಗೆದು ನೋಡಿದರೆ ಆ ಸಾಲು ಕಾಣಿಸುತ್ತದೆ. ಅಂದರೆ ಪುಸ್ತಕದ ದುಡ್ಡನ್ನು ನಾವು ಆಗಲೇ ಕೊಟ್ಟಾಗಿದೆ, ತಂದು ಓದುವುದಷ್ಟೇ ಬಾಕಿ. ಹತ್ತಿರದ ಶಾಖೆಗೆ ಹೋಗಿ ಅರ್ಜಿ ನಮೂನೆ ಕೇಳಿ ಪಡೆಯಿರಿ; ಒಂದೆರಡು ಭಾವಚಿತ್ರ, ವಿಳಾಸದ ದಾಖಲೆಯ ನಕಲು ಮತ್ತು ಸಣ್ಣ ಮೊತ್ತದ ಠೇವಣಿ ಸಾಕಾಗುತ್ತದೆ. ಎಷ್ಟು ಪುಸ್ತಕ ಒಟ್ಟಿಗೆ ಕೊಡುತ್ತಾರೆ ಎಂಬುದು ಠೇವಣಿಗೆ ತಕ್ಕಂತೆ ಇರುತ್ತದೆ. ಎರಡು ಪುಸ್ತಕಕ್ಕೆ ಕಟ್ಟುವುದು ಒಳ್ಳೆಯದು, ಏಕೆಂದು ಮುಂದೆ ಹೇಳುತ್ತೇನೆ. ಠೇವಣಿಯ ರಸೀದಿಯನ್ನು ಜೋಪಾನವಾಗಿಡಿ. ಊರು ಬಿಡುವಾಗ ಅದನ್ನು ತೋರಿಸಿದರೆ ಹಣ ವಾಪಸು ಬರುತ್ತದೆ. ನಾನು ಒಮ್ಮೆ ರಸೀದಿ ಕಳೆದುಕೊಂಡು ಎರಡು ದಿನ ಅಲೆದದ್ದುಂಟು, ತಪ್ಪು ನನ್ನದೇ.

ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವೇ ಹತ್ತಿರದ ಬಾಗಿಲು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚಿವೆ, ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿ ನಡೆಯುತ್ತಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಮೊದಲು ಅದರ ಹೆಸರನ್ನು ಬರೆಸಿ. ಬೆಂಗಳೂರಿನಲ್ಲಿರುವವರು ಕಬ್ಬನ್ ಉದ್ಯಾನದ ಕೆಂಪು ಕಟ್ಟಡಕ್ಕೆ, ಅಂದರೆ 1915ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗಾಗಿ ಕಟ್ಟಿದ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ, ಒಮ್ಮೆಯಾದರೂ ಹೋಗಿ ಕುಳಿತು ಬರಬೇಕು. ಮನೆಗೆ ತರುವ ಪುಸ್ತಕಕ್ಕೆ ಮಾತ್ರ ತಮ್ಮ ಬಡಾವಣೆಯ ಶಾಖೆಯೇ ಅನುಕೂಲ. ಹೊರನಾಡಿನ ಕನ್ನಡಿಗರಿಗೆ ಇಲಾಖೆಯ ಶಾಖೆ ಇರುವುದಿಲ್ಲವಾದರೂ, ಕನ್ನಡ ಸಂಘಗಳ ಕಚೇರಿಯಲ್ಲಿ ಬಹಳ ಕಡೆ ಒಂದೆರಡು ಬೀರುಗಳ ತುಂಬ ಪುಸ್ತಕವಿರುತ್ತದೆ, ಕೇಳುವವರಿಲ್ಲದೆ ಬೀಗದ ಕೈ ಯಾರ ಬಳಿಯಿದೆ ಎಂಬುದೇ ಮರೆತುಹೋಗಿರುತ್ತದೆ ಅಷ್ಟೆ. ಇನ್ನೊಂದು ವಿಷಯ: ಅನೇಕ ಶಾಖೆಗಳಿಗೆ ವಾರದ ರಜೆ ಭಾನುವಾರವಲ್ಲ, ಸೋಮವಾರ. ಬಾಗಿಲಿನ ಫಲಕವನ್ನು ಮೊದಲ ದಿನವೇ ಓದಿಕೊಂಡರೆ ಬಿಸಿಲಲ್ಲಿ ನಡೆದು ಬೀಗ ನೋಡಿ ಬರುವ ಕಷ್ಟ ತಪ್ಪುತ್ತದೆ.

ಕವಿತೆಯ ಅರೆ ಯಾವುದು

ಪುಸ್ತಕದ ಬೆನ್ನಿನ ಮೇಲೆ ಅಂಟಿಸಿರುವ ಸಂಖ್ಯೆಯನ್ನು ಹೆಚ್ಚಿನ ಓದುಗರು ಗ್ರಂಥಪಾಲಕರ ಗುಟ್ಟಿನ ಭಾಷೆ ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದನ್ನು ಕಲಿಯಲು ಐದು ನಿಮಿಷ ಸಾಕು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಸಾಹಿತ್ಯಕ್ಕೆ 800ರ ವರ್ಗ. ಅದರೊಳಗೆ ಕನ್ನಡ ಸಾಹಿತ್ಯಕ್ಕೆ 894.814. ಅದರ ಮುಂದೆ ಬರುವ ಅಂಕಿಯೇ ನಮಗೆ ಮುಖ್ಯ: 1 ಎಂದಿದ್ದರೆ ಕಾವ್ಯ, 2 ಎಂದಿದ್ದರೆ ನಾಟಕ, 3 ಎಂದಿದ್ದರೆ ಕಥೆ ಕಾದಂಬರಿ. ಹಾಗಾಗಿ 894.8141 ಎಂಬುದನ್ನು ನೆನಪಿಟ್ಟುಕೊಂಡವರು, ಈ ಪದ್ಧತಿಯನ್ನು ಅನುಸರಿಸುವ ಯಾವ ಊರಿನ ಗ್ರಂಥಾಲಯಕ್ಕೆ ಹೋದರೂ ಕನ್ನಡ ಕವಿತೆಯ ಮುಂದೆ ನೇರವಾಗಿ ಹೋಗಿ ನಿಲ್ಲಬಹುದು. ಸಂಖ್ಯೆಯ ಕೆಳಗೆ ಕವಿಯ ಹೆಸರಿನ ಮೊದಲ ಅಕ್ಷರಗಳಿರುತ್ತವೆ. ಚಿಕ್ಕ ಶಾಖೆಗಳಲ್ಲಿ ಸಂಖ್ಯೆಯ ಗೊಡವೆಯೇ ಇಲ್ಲದೆ ‘ಕವನ’ ಎಂದು ಬರೆದ ಚೀಟಿಯೊಂದನ್ನು ಅರೆಗೆ ಅಂಟಿಸಿರುವುದೂ ಉಂಟು, ಆ ಚೀಟಿಯ ಹಿಂದೆ ಪಾಕಶಾಸ್ತ್ರದ ಪುಸ್ತಕ ಸೇರಿಕೊಂಡಿರುವುದೂ ಉಂಟು.

ಕವನ ಸಂಕಲನಗಳು ತೆಳ್ಳಗಿರುವುದರಿಂದ ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡು, ಬೆನ್ನಿನ ಹೆಸರು ಕಾಣದೆ, ಇಲ್ಲದಂತೆಯೇ ಆಗಿಬಿಡುತ್ತವೆ. ಆದ್ದರಿಂದ ಅರೆಯ ಮುಂದೆ ನಿಂತು ಕಣ್ಣಾಡಿಸಿದರೆ ಸಾಲದು, ಬೆರಳಾಡಿಸಬೇಕು. ಒಂದೊಂದನ್ನೇ ಅರ್ಧ ಎಳೆದು ಹೆಸರು ನೋಡಿ ಮತ್ತೆ ಒಳಗೆ ತಳ್ಳಬೇಕು. ಬಿಡುವಿರುವ ಸಂಜೆ ಹೀಗೆ ಒಂದು ಅರೆಯನ್ನು ಪೂರ್ತಿ ಎಳೆದು ನೋಡುವುದು ನನಗೆ ಓದಿನಷ್ಟೇ ಸುಖ ಕೊಡುವ ಕೆಲಸ. ಹುಡುಕಿದ್ದು ಸಿಗದಿದ್ದರೆ ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು ಎಂದು 1931ರಲ್ಲಿ ಸೂತ್ರ ಬರೆದ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ. ಗ್ರಂಥಾಲಯ ಶಾಸ್ತ್ರ ಓದಿದ ಯಾರೂ ಆ ಸೂತ್ರಗಳನ್ನು ಬಾಯಿಪಾಠ ಮಾಡದೆ ಪರೀಕ್ಷೆ ದಾಟಿರುವುದಿಲ್ಲ. ಕೇಳುವಾಗ ‘ಒಳ್ಳೆಯ ಕವಿತೆ ಯಾವುದಿದೆ?’ ಎನ್ನುವ ಬದಲು, ಕವಿಯ ಹೆಸರನ್ನೋ, ನೆನಪಿರುವ ಒಂದು ಸಾಲನ್ನೋ ಹೇಳಿದರೆ ಅವರಿಗೂ ಅನುಕೂಲ.

ಯಾವುದನ್ನು ತರಬೇಕು

ಮೊದಲ ಸಲ ‘ಸಮಗ್ರ ಕಾವ್ಯ’ ಎಂಬ ದಪ್ಪ ಸಂಪುಟವನ್ನು ತರಬೇಡಿ. ಒಬ್ಬ ಕವಿಯ ಐವತ್ತು ವರ್ಷಗಳ ಬರಹವನ್ನು ಹದಿನೈದು ದಿನದಲ್ಲಿ ಓದುವುದೆಂದರೆ ಮದುವೆ ಮನೆಯ ಊಟವನ್ನು ನಿಂತುಕೊಂಡು ಮುಗಿಸಿದ ಹಾಗೆ. ಕವಿ ತಾನೇ ಆರಿಸಿ, ಕ್ರಮ ಹಾಕಿ, ಹೆಸರಿಟ್ಟು ಹೊರತಂದ ಬಿಡಿ ಸಂಕಲನವೇ ಸರಿಯಾದ ಅಳತೆ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂದದ್ದು, ಅದು ಅವರ ಮೊದಲ ಸಂಕಲನ. ಹಾಡಾಗಿ ಕೇಳಿ ಗೊತ್ತಿರುವ ಕವಿತೆಗಳು ಅಲ್ಲಿ ಸಾಕಷ್ಟು ಸಿಗುವುದರಿಂದ ಹೊಸಬರಿಗೆ ಕಾಲಿಡಲು ಭಯವಾಗುವುದಿಲ್ಲ. ಬೇಂದ್ರೆಯವರನ್ನು ಓದಬೇಕೆನ್ನುವವರು ಸಾಮಾನ್ಯವಾಗಿ, 1973ರ ಜ್ಞಾನಪೀಠ ಪ್ರಶಸ್ತಿಯ ಕಾರಣಕ್ಕಾಗಿ, ‘ನಾಕುತಂತಿ’ಗೇ ಕೈಹಾಕುತ್ತಾರೆ; ಅದು 1964ರ ಪುಸ್ತಕ, ಕವಿ ಬಹಳ ದೂರ ನಡೆದುಬಂದ ಮೇಲಿನದು. 1932ರ ‘ಗರಿ’ಯಿಂದ ಶುರುಮಾಡಿದರೆ ಅವರ ಜೊತೆಗೆ ನಾವೂ ನಡೆದುಕೊಂಡು ಹೋಗಬಹುದು. ಬಿಗಿಯಾದ ದನಿ ಬೇಕೆನ್ನುವವರು ಸಿದ್ಧಲಿಂಗಯ್ಯನವರ 1975ರ ಮೊದಲ ಸಂಕಲನವನ್ನು ಹುಡುಕಬಹುದು. ಸಭೆಯಲ್ಲಿ, ಮೆರವಣಿಗೆಯಲ್ಲಿ ಬಾಯಿಂದ ಬಾಯಿಗೆ ಹೋದ ಸಾಲುಗಳನ್ನು ಪುಟದ ಮೇಲೆ ಕಂಡಾಗ ಅವು ಎಷ್ಟು ಕಡಿಮೆ ಮಾತಿನಲ್ಲಿ ನಿಂತಿವೆ ಎಂದು ಆಶ್ಚರ್ಯವಾಗುತ್ತದೆ.

ಇಷ್ಟು ಹೆಸರು ಹೇಳಿದ ಮೇಲೆ ನನ್ನ ನಿಜವಾದ ಸಲಹೆಯನ್ನೂ ಹೇಳಬೇಕು. ಒಟ್ಟಿಗೆ ಎರಡು ಪುಸ್ತಕ ತರುವ ಅವಕಾಶವಿದ್ದರೆ, ಒಂದು ನೀವು ಕೇಳಿರುವ ಕವಿಯದಾಗಿರಲಿ, ಇನ್ನೊಂದು ಹೆಸರೇ ಕೇಳಿರದ ಕವಿಯದಾಗಿರಲಿ. ಎರಡನೆಯದನ್ನು ಆರಿಸುವಾಗ ಮೊದಲ ಕವಿತೆಯನ್ನು ನೋಡಬೇಡಿ, ಅಲ್ಲಿ ಎಲ್ಲರೂ ತಮ್ಮ ಒಳ್ಳೆಯ ಅಂಗಿಯನ್ನೇ ತೊಟ್ಟಿರುತ್ತಾರೆ. ನಡುವಿನಲ್ಲಿ ಎಲ್ಲಿಯಾದರೂ ತೆರೆದು ನಿಂತಲ್ಲೇ ಎಂಟು ಸಾಲು ಓದಿ, ಅದರಲ್ಲಿ ಒಂದು ಸಾಲು ಮತ್ತೊಮ್ಮೆ ಓದಬೇಕೆನ್ನಿಸಿದರೆ ತನ್ನಿ. ಎರವಲು ತಂದದ್ದು ಹಿಡಿಸದೆ ಹೋದರೆ ನಷ್ಟವೇನೂ ಇಲ್ಲ ಎಂಬ ಧೈರ್ಯ ಅಂಗಡಿಯಲ್ಲಿ ಬರುವುದಿಲ್ಲ.

ಮನೆಗೆ ತಂದ ಮೇಲೆ

ಕನ್ನಡದ ಸಂಕಲನಗಳಲ್ಲಿ ಕವಿತೆಗಿಂತ ಮೊದಲು ದಾಟಬೇಕಾದ ಹೊಸ್ತಿಲುಗಳು ಬಹಳ. ಪ್ರಕಾಶಕರ ಮಾತು, ಕವಿಯ ಅರಿಕೆ, ಹಿರಿಯರೊಬ್ಬರ ದೀರ್ಘ ಮುನ್ನುಡಿ, ಹಿಂದೆ ಬೆನ್ನುಡಿ. ಇವುಗಳಲ್ಲಿ ಕೆಲವು ಒಳ್ಳೆಯ ವಿಮರ್ಶೆಗಳೇ ಆಗಿರುತ್ತವೆ, ಆದರೂ ಮುನ್ನುಡಿಯನ್ನು ಹದಿನಾಲ್ಕನೆಯ ದಿನಕ್ಕೆ ಇಟ್ಟುಕೊಳ್ಳಿ. ಮೊದಲೇ ಓದಿದರೆ ಆ ಹಿರಿಯರು ಮೆಚ್ಚಿದ ಸಾಲುಗಳೇ ನಮ್ಮ ಕಣ್ಣಿಗೂ ಬೀಳುತ್ತವೆ. ಕೊನೆಯಲ್ಲಿ ಓದಿದರೆ ಅವರ ಜೊತೆ ಜಗಳವಾಡಬಹುದು.

ಓದಬೇಕಾದದ್ದು ಬಾಯಿಬಿಟ್ಟು. ಕನ್ನಡ ಕವಿತೆ ಕಣ್ಣಿಗಿಂತ ಕಿವಿಗೆ ಹತ್ತಿರವಾಗಿ ಬೆಳೆದದ್ದು. ಕುಮಾರವ್ಯಾಸನ ಭಾರತವನ್ನು ಊರಿನವರು ಗಮಕಿಯ ಬಾಯಿಂದ ಕೇಳಿದರೇ ಹೊರತು ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಓದಿದ್ದು ಕಡಿಮೆ. ಒಂದು ಕವಿತೆಯನ್ನು ಮೊದಲ ಸಲ ಸುಮ್ಮನೆ ದನಿಯೆತ್ತಿ ಓದಿ, ಅರ್ಥದ ಚಿಂತೆ ಬೇಡ. ಎರಡನೆಯ ಸಲ ವಾಕ್ಯ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಆದರೆ ಕವಿತೆಯಲ್ಲಿ ಅದು ಎರಡು ಸಾಲು ಮೊದಲೇ ಬಂದಿರಬಹುದು, ಅಥವಾ ನಾಲ್ಕು ಸಾಲು ದಾಟಿದ ಮೇಲೆ ಕಾಣಿಸಬಹುದು; ನವ್ಯದ ಕವಿತೆಗಳಲ್ಲಂತೂ ಸಾಲು ಒಂದು ಕಡೆ, ವಾಕ್ಯ ಒಂದು ಕಡೆ ಮುರಿಯುತ್ತದೆ. ಅರ್ಥವಾಗದ ಕವಿತೆಯ ಮುಂದೆ ಕುಳಿತು ಒದ್ದಾಡುವವರು ಕ್ರಿಯಾಪದವನ್ನು ಹುಡುಕಿ, ಯಾರು, ಏನನ್ನು ಎಂದು ಎರಡು ಪ್ರಶ್ನೆ ಕೇಳಿದರೆ ಅರ್ಧ ತೊಡಕು ಬಿಚ್ಚಿಕೊಳ್ಳುತ್ತದೆ. ಮೂರನೆಯ ಸಲದ ಓದನ್ನು ಮಾರನೆಯ ದಿನಕ್ಕೆ ಬಿಡಿ. ಬೆಳಿಗ್ಗೆ ಹಾಲು ಕಾಯಲು ಇಟ್ಟು ಅದು ಉಕ್ಕುವುದರೊಳಗೆ ಒಂದು ಕವಿತೆ ಆಗುತ್ತದೆ. ನಮ್ಮ ಮನೆಯಲ್ಲಿ ಅದರಿಂದಾಗಿ ಎರಡು ಮೂರು ಸಲ ಹಾಲು ಒಲೆಯ ಪಾಲಾದದ್ದನ್ನೂ ಮುಚ್ಚಿಡುವುದಿಲ್ಲ.

ಇಲ್ಲಿ ಒಂದು ಪ್ರತಿಯ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಸಂಜೆ, ಕಂದು ಬಣ್ಣದ ಬೈಂಡು ಹಾಕಿದ ಹಳೆಯ ಸಂಕಲನವೊಂದನ್ನು ತಂದಿದ್ದೆ. ಅದರ ಚೀಟಿಯಲ್ಲಿ 1991ರ ಜೂನ್ ತಿಂಗಳ ಒಂದು ಮುದ್ರೆ, ಅದೇ ಜುಲೈನಲ್ಲಿ ಎರಡು, ಆಮೇಲೆ ಬಹಳ ದೊಡ್ಡ ಖಾಲಿ, ಅದಾದ ಮೇಲೆ ನನ್ನದು. ಒಳಗೆ ಒಂದೇ ಒಂದು ಕವಿತೆಯ ಮೇಲೆ, ತೀರ ತೆಳುವಾಗಿ, ಪೆನ್ಸಿಲ್ಲಿನ ಸಣ್ಣ ಸಣ್ಣ ಓರೆಗೆರೆಗಳಿದ್ದವು. ಅಕ್ಷರಗಳ ನಡುವೆ ಮೂರಕ್ಕೊಂದು, ನಾಲ್ಕಕ್ಕೊಂದು ಎಂಬಂತೆ ಎಳೆದ ಆ ಗೆರೆಗಳು ಏನೆಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು: ಆ ಓದುಗ, ಅಥವಾ ಓದುಗಿ, ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ, ಎಣಿಸಿದ್ದರು. ಶಾಲೆಯಲ್ಲಿ ಅಂಕಕ್ಕಾಗಿ ಮಾಡಿ ಮರೆತಿದ್ದ ಪ್ರಸ್ತಾರವನ್ನು ಸಂತೋಷಕ್ಕಾಗಿಯೂ ಮಾಡಬಹುದು ಎಂದು ನಾನು ಕಲಿತದ್ದು ಆ ಗೆರೆಗಳಿಂದ.

ವಿಧಾನ ಹೀಗಿದೆ. ಹ್ರಸ್ವ ಸ್ವರದ ಅಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘ ಸ್ವರದ್ದು, ಅನುಸ್ವಾರ ವಿಸರ್ಗ ಸೇರಿದ್ದು, ಒತ್ತಕ್ಷರದ ಹಿಂದಿನದು, ವ್ಯಂಜನದಿಂದ ಮುಗಿಯುವುದು, ಇವು ಗುರು, ಎರಡು ಮಾತ್ರೆ. ಭಾಮಿನಿ ಷಟ್ಪದಿಯಲ್ಲಿ ಒಂದನೆಯ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳು ಮೂರು ನಾಲ್ಕು ಮೂರು ನಾಲ್ಕು ಎಂಬ ನಡೆಯಲ್ಲಿ 14 ಮಾತ್ರೆಗಳವು. ಮೂರನೆಯದೂ ಆರನೆಯದೂ ಅದೇ ನಡೆಯನ್ನು ಮೂರು ಸಲ ನಡೆದು ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತವೆ, ಒಟ್ಟು 23. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆಯನ್ನು ತೆಗೆದುಕೊಂಡು, ಕೈ ಪಳಗಲೆಂದು ನಾನು ಅರ್ಧ ಷಟ್ಪದಿ ಹೊಸೆದದ್ದು ಇಲ್ಲಿದೆ. ಕವಿತೆಯೆಂದು ಯಾರೂ ತಿಳಿಯಬೇಕಾಗಿಲ್ಲ, ಎಣಿಕೆಗೆ ಸಾಕು:

ಮಳೆಯು | ನಿಂತಿತು | ಮರದ | ಕೆಳಗಡೆ
ಇಳಿವ | ಹನಿಗಳು | ಹಗಲು | ಮುಗಿದರು
ಗಳಿಗೆ | ಗೊಂದರ | ಹಾಗೆ | ಬಿದ್ದಿವೆ | ತೋಳ | ಮೇಲಿನ್ | ನೂ

‘ಮಳೆಯು’ ಎಂಬಲ್ಲಿ ಮೂರು ಲಘು, ಮೂರು ಮಾತ್ರೆ. ‘ನಿಂತಿತು’ ಎಂಬಲ್ಲಿಯೂ ಮೂರೇ ಅಕ್ಷರ, ಆದರೆ ‘ನಿಂ’ ಗುರುವಾದ್ದರಿಂದ ನಾಲ್ಕು ಮಾತ್ರೆ. ‘ಮುಗಿದರೂ’ ಎಂದು ಎಳೆದಿದ್ದರೆ ಐದಾಗಿ ಕಾಲು ತೊಡರುತ್ತಿತ್ತು, ಅದಕ್ಕಾಗಿಯೇ ‘ಮುಗಿದರು’ ಎಂದು ಮೊಟಕು ಮಾಡಬೇಕಾಯಿತು. ಹಳೆಯ ಕಾವ್ಯಗಳಲ್ಲಿ ಪದಗಳು ಏಕೆ ಹಿಗ್ಗುತ್ತವೆ, ಕುಗ್ಗುತ್ತವೆ, ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಏಕೆ ಹಾರುತ್ತವೆ ಎಂಬುದು ಹೀಗೆ ಒಮ್ಮೆ ಸ್ವತಃ ಸಿಕ್ಕಿಹಾಕಿಕೊಂಡರೆ ತಾನಾಗಿ ತಿಳಿಯುತ್ತದೆ. ಮಳೆ, ಇಳಿ, ಗಳಿಗೆ ಎಂದು ಮೂರು ಸಾಲುಗಳ ಎರಡನೆಯ ಅಕ್ಷರದಲ್ಲಿಯೂ ‘ಳ’ಕಾರ ಬಂದಿರುವುದು ಆದಿಪ್ರಾಸ. ಮೂರು ನಾಲ್ಕರ ಈ ನಡೆಯನ್ನು ತೊಡೆಯ ಮೇಲೆ ತಾಳ ಹಾಕುತ್ತ ನಾಲ್ಕು ಸಲ ಹೇಳಿ ನೋಡಿ; ಐದನೆಯ ಸಲ ಎಣಿಸುವ ಅಗತ್ಯವಿರುವುದಿಲ್ಲ. ಛಂದಸ್ಸನ್ನು ಬಿಟ್ಟು ಬರೆದ ಹೊಸ ಕವಿತೆಗಳಲ್ಲಿಯೂ ನಡುನಡುವೆ ಈ ನಡೆ ಸುಳಿದು ಮರೆಯಾಗುವುದನ್ನು ಆಮೇಲೆ ಕಿವಿ ತಾನೇ ಹಿಡಿಯುತ್ತದೆ.

ಪದಗಳು ಗೊತ್ತಾಗದಿದ್ದಾಗ ಕೂಡಲೇ ನಿಘಂಟಿಗೆ ಓಡಬೇಡಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಧಾರವಾಡದ ಕಡೆಯ ಮಾತಿನಲ್ಲಿ ಬರೆದ ಕವಿತೆಯನ್ನು ಮೈಸೂರಿನವರು, ಕುಂದಾಪುರದ ಮಾತಿನದನ್ನು ಕಲಬುರಗಿಯವರು ಗಟ್ಟಿಯಾಗಿ ಓದಿದಾಗಲೇ ಎಷ್ಟೋ ಪದಗಳು ತಿಳಿಯುತ್ತವೆ, ತಿಳಿಯದೆ ಉಳಿದವನ್ನು ಆ ಕಡೆಯ ಗೆಳೆಯರಿಗೆ ಫೋನು ಮಾಡಿ ಕೇಳುವುದು ನಿಘಂಟಿಗಿಂತ ಒಳ್ಳೆಯ ನೆಪ. ಹಳಗನ್ನಡವಾದರೆ ‘ಪ’ ಇದ್ದಲ್ಲಿ ‘ಹ’ ಹಾಕಿ ನೋಡಿ: ಪಾಲು ಹಾಲಾಗುತ್ತದೆ, ಪೂ ಹೂವಾಗುತ್ತದೆ, ಪೋಗು ಹೋಗು ಆಗುತ್ತದೆ. ಆಮೇಲೂ ಉಳಿದ ಪದಗಳ ಚೀಟಿಯನ್ನು ಪುಸ್ತಕ ವಾಪಸು ಕೊಡುವ ದಿನ ಜೊತೆಗೆ ಕೊಂಡುಹೋಗಿ. ದೊಡ್ಡ ಶಾಖೆಗಳ ಪರಾಮರ್ಶನ ವಿಭಾಗದಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇರುತ್ತದೆ, ಕೆಲವು ಕಡೆ 1894ರ ಕಿಟೆಲ್ ನಿಘಂಟಿನ ಮರುಮುದ್ರಣವೂ ಸಿಗುತ್ತದೆ; ಅವನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಮೇಜಿನ ಮೇಲೆ ಹರಡಿಕೊಂಡು ನೋಡಬೇಕು. ಪರಿಷತ್ತಿನ ನಿಘಂಟಿನಲ್ಲಿ ಪದದ ಅರ್ಥದ ಜೊತೆಗೆ ಅದು ಯಾವ ಯಾವ ಕಾವ್ಯದಲ್ಲಿ ಹೇಗೆ ಬಂದಿದೆ ಎಂಬ ಪ್ರಯೋಗವನ್ನೂ ಕೊಟ್ಟಿರುವುದರಿಂದ, ಒಂದು ಪದ ನೋಡಲು ಹೋದವರು ಮುಕ್ಕಾಲು ಗಂಟೆ ಕಳೆದು ಏಳುತ್ತಾರೆ.

ರಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅಂಥವರ ದಯೆಯಿಂದ ಕನ್ನಡದ ನೂರಾರು ಕವಿತೆಗಳು ನಮಗೆ ಓದುವ ಮೊದಲೇ ಹಾಡಾಗಿ ಗೊತ್ತಿವೆ. ಪುಸ್ತಕದಲ್ಲಿ ಅಂಥ ಕವಿತೆ ಎದುರಾದಾಗ ಕಿವಿಯಲ್ಲಿ ರಾಗ ಮೊದಲು ಶುರುವಾಗಿ, ಕಣ್ಣು ಅದರ ಹಿಂದೆ ಓಡಿ, ಓದಿದ್ದೇ ತಿಳಿಯದೆ ಪುಟ ಮುಗಿದಿರುತ್ತದೆ. ಹಾಡಿನ ಅವಧಿಗೆ ಹೊಂದಿಸಲು ಚರಣಗಳನ್ನು ಬಿಡುವುದು ಸುಗಮ ಸಂಗೀತದಲ್ಲಿ ಸಾಮಾನ್ಯ. ಆದ್ದರಿಂದ ಇಂಥ ಕವಿತೆಯನ್ನು ಕೊನೆಯ ನುಡಿಯಿಂದ ಹಿಂದಕ್ಕೆ ಓದಿ. ರಾಗ ಅಲ್ಲಿಗೇ ನಿಂತುಬಿಡುತ್ತದೆ, ಹಾಡಿನಲ್ಲಿ ಕೇಳಿಯೇ ಇರದ ನುಡಿಯೊಂದು ಕೈಗೆ ಸಿಕ್ಕರೂ ಸಿಗಬಹುದು.

ಪುಸ್ತಕ ಮರಳಿ ಹೋಗುವುದರಿಂದ ಬೇಕಾದದ್ದನ್ನು ಬರೆದಿಟ್ಟುಕೊಳ್ಳಬೇಕಾಗುತ್ತದೆ, ಎರವಲಿನ ದೊಡ್ಡ ಲಾಭ ಇದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇನ್ನೂರು ಪುಟದ ಸಾದಾ ನೋಟ್‌ಬುಕ್ಕೊಂದನ್ನು ಇದಕ್ಕೆಂದೇ ಇಡಿ. ಮೊಬೈಲಿನಲ್ಲಿ ಪುಟದ ಚಿತ್ರ ತೆಗೆಯುವುದು ಸುಲಭ, ಆದರೆ ತೆಗೆದ ಚಿತ್ರವನ್ನು ಮತ್ತೆ ತೆರೆದು ನೋಡುವವರು ಅಪರೂಪ; ಕೈಯಲ್ಲಿ ಬರೆಯುವಾಗ ಕವಿ ಸಾಲನ್ನು ಇಲ್ಲೇ ಏಕೆ ಮುರಿದ, ಇಲ್ಲಿ ‘ಅಂದು’ ಎನ್ನದೆ ‘ಆಗ’ ಎಂದು ಏಕೆ ಬರೆದ ಎಂಬುದು ಬೆರಳಿಗೆ ತಾಗುತ್ತದೆ. ಒಂದು ಸಂಕಲನಕ್ಕೆ ಎರಡೇ ಕವಿತೆ ಎಂದು ಮಿತಿ ಹಾಕಿಕೊಂಡರೆ ಆರಿಸುವ ಕಷ್ಟವೇ ಒಂದು ಓದಾಗುತ್ತದೆ. ಕೆಳಗೆ ಕವಿಯ ಹೆಸರು, ಸಂಕಲನ, ಪುಟ, ಬೆನ್ನಿನ ಸಂಖ್ಯೆ, ತಂದ ತಾರೀಕು ಇವನ್ನು ಬರೆಯಿರಿ. ಆ ಎರಡರಲ್ಲಿ ಒಂದರ ಒಂದು ನುಡಿಯನ್ನಾದರೂ ಬಾಯಿಪಾಠ ಮಾಡಿದರೆ ಬಸ್ಸಿಗೆ ಕಾಯುವಾಗ ಅದೇ ಜೊತೆಗಾರ.

ಪುಸ್ತಕದ ಜೋಪಾನ ಮತ್ತು ವಾಪಸಾತಿ

ಪೆನ್ಸಿಲ್ಲಿನ ಗೆರೆಗಳನ್ನು ಮೇಲೆ ಹೊಗಳಿದ್ದೇನೆ, ಆದರೂ ನೀವು ಎಳೆಯಬೇಡಿ. ಗೆರೆಗಳು ಬೇಕಾದರೆ ನೋಟ್‌ಬುಕ್ಕಿನ ನಕಲಿನ ಮೇಲೆ ಎಳೆಯಿರಿ. ಗ್ರಂಥಾಲಯದ ಬೈಂಡಿನಲ್ಲಿ ಹೊಲಿಗೆ ಒಳಗಂಚನ್ನು ತಿಂದಿರುವುದರಿಂದ ಎಡಪುಟದ ಸಾಲಿನ ಕೊನೆಯೂ ಬಲಪುಟದ ಸಾಲಿನ ಮೊದಲೂ ಮಡಿಕೆಯೊಳಗೆ ಮುಚ್ಚಿಹೋಗಿರುತ್ತವೆ. ಓದಲೆಂದು ಬಲವಾಗಿ ಅಗಲಿಸಿದರೆ ಬೆನ್ನು ಬಿರಿಯುತ್ತದೆ. ಪುಸ್ತಕವನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆರೆದು, ಓರೆಯಾಗಿ ಹಿಡಿದು, ಬೆಳಕಿನ ಕಡೆ ತಿರುಗಿಸಿದರೆ ಅಕ್ಷರಗಳು ಕಾಣುತ್ತವೆ. ಗುರುತಿಗೆ ಪುಟದ ಮೂಲೆ ಮಡಚುವ ಬದಲು ಬಸ್ ಟಿಕೆಟ್ ಇಡಿ, ಮುಂದಿನವರಿಗೆ ಅದು ಸಿಕ್ಕರೂ ಅಡ್ಡಿಯಿಲ್ಲ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಕಡ್ಡಾಯ. ನಾನು ಒಮ್ಮೆ ಕೊಡೆಯನ್ನು ನಂಬಿ ನಡೆದು, ಮನೆ ಸೇರುವ ಹೊತ್ತಿಗೆ ಕೈಚೀಲದೊಳಗಿನ ಸಂಕಲನದ ಕೆಳಗಿನ ಅರ್ಧ ಒದ್ದೆಯಾಗಿತ್ತು. ಬಿಸಿಲಿಗೆ ಇಟ್ಟರೆ ಹಾಳೆ ಅಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಇಸ್ತ್ರಿಪೆಟ್ಟಿಗೆಯ ಆಸೆಯಂತೂ ಬೇಡ. ಹತ್ತು ಹತ್ತು ಪುಟಗಳಿಗೊಂದರಂತೆ ಮಸಿ ಹತ್ತದ ಬಿಳಿಯ ಕಾಗದ ಇಟ್ಟು, ಗಂಟೆಗೊಮ್ಮೆ ಬದಲಿಸಿ, ತೇವ ಹೀರಿದ ಮೇಲೆ ಪುಸ್ತಕವನ್ನು ಫ್ಯಾನಿನ ಗಾಳಿಗೆ ಬೀಸಣಿಗೆಯಂತೆ ಬಿಚ್ಚಿ ನಿಲ್ಲಿಸಬೇಕು, ಪೂರ್ತಿ ಒಣಗುವ ಮುನ್ನವೇ ಭಾರದ ಕೆಳಗಿಟ್ಟು ಒತ್ತಬೇಕು. ನಾನು ಇಷ್ಟೆಲ್ಲ ಮಾಡಿ, ಅಂಚು ಸ್ವಲ್ಪ ಅಲೆಯಲೆಯಾಗಿಯೇ ಉಳಿದದ್ದನ್ನು ಗ್ರಂಥಪಾಲಕರಿಗೆ ನಾನಾಗಿಯೇ ತೋರಿಸಿದೆ. ಅವರು ಪುಟ ತಿರುವಿ ನೋಡಿ, ದಂಡ ಹಾಕದೆ, ‘ಮುಂದಿನ ಸಲ ಚೀಲ ತನ್ನಿ’ ಎಂದರು. ಪುಸ್ತಕವೇ ಕಳೆದುಹೋದರೆ ಅದರ ಬೆಲೆ ಕಟ್ಟಬೇಕಾಗುತ್ತದೆ, ಅಥವಾ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಡಬೇಕಾಗುತ್ತದೆ. ಎರಡನೆಯ ಮುದ್ರಣ ಕಾಣದ ಸಂಕಲನಕ್ಕೆ ಇನ್ನೊಂದು ಪ್ರತಿ ಎಲ್ಲಿಂದ ತರುವುದು ಎಂಬುದನ್ನು ಮೊದಲೇ ಯೋಚಿಸಿ ಜೋಪಾನ ಮಾಡಿ.

ಹದಿನೈದು ದಿನ ಸಾಲದೆ ಹೋದರೆ ಅವಧಿ ಮುಗಿಯುವ ಮೊದಲೇ ಪುಸ್ತಕ ತೆಗೆದುಕೊಂಡು ಹೋಗಿ ನವೀಕರಿಸಿಕೊಳ್ಳಬಹುದು. 1991ರ ಆ ಜುಲೈನ ಎರಡು ಮುದ್ರೆಗಳು ಅಂಥದ್ದೇ ಇರಬೇಕು ಎಂದು ನನ್ನ ಊಹೆ. ಮಾತ್ರೆ ಎಣಿಸಲು ಸಮಯ ಬೇಕಾಗುತ್ತದೆ. ವಾಪಸು ಕೊಡುವಾಗ ಮೇಜಿನ ಮೇಲಿಟ್ಟು ಬಂದುಬಿಡಬೇಡಿ. ನಿಮ್ಮ ಕಾರ್ಡಿನಲ್ಲಿಯೋ ವಹಿಯಲ್ಲಿಯೋ ಕಂಪ್ಯೂಟರಿನಲ್ಲಿಯೋ ಪುಸ್ತಕ ಮರಳಿ ಬಂದ ನಮೂದು ಬಿದ್ದದ್ದನ್ನು ಕಣ್ಣಾರೆ ನೋಡಿ, ಒಳಗೆ ನಿಮ್ಮ ಪದಗಳ ಚೀಟಿ ಉಳಿದಿದೆಯೇ ಎಂದು ಒಮ್ಮೆ ಪುಟ ಹಾರಿಸಿ, ಆಮೇಲೆ 894.8141ರ ಕಡೆ ನಡೆಯಿರಿ. ಕಳೆದ ಸಲ ಅರ್ಧ ಎಳೆದು ನೋಡಿ ಒಳಗೆ ತಳ್ಳಿದ್ದ ಪುಸ್ತಕ ಹೆಚ್ಚಾಗಿ ಅಲ್ಲೇ ಇರುತ್ತದೆ.